ಸೀನನ ಎರಡು ಹೆಬ್ಬೆರಳು

ರತ್ನಕ್ಕ ಯಾರ ಮನೆಗೆ ಹೋದರೂ ಮೊದಲು ನೋಡುತ್ತಿದ್ದದ್ದು ಅಟ್ಟವನ್ನು. ಬಾಗಿಲಲ್ಲಿ ನಿಂತ ಮನೆಯೊಡತಿ "ಬನ್ನಿ ರತ್ನಕ್ಕ, ಕೂತ್ಕಳಿ" ಎನ್ನುವಷ್ಟರಲ್ಲಿ ಇವರ ಕತ್ತು ಮೇಲಕ್ಕೆ ತಿರುಗಿರುತ್ತಿತ್ತು. ಮದುವೆ ಮನೆಯಾಗಲಿ, ತಿಥಿ ಮನೆಯಾಗಲಿ, ಭೇದವಿಲ್ಲ. ಒಮ್ಮೆ ಯಾರದೋ ಸಾವಿಗೆ ಹೋದಾಗ ಹೆಣದ ಮುಂದೆ ಕೈಮುಗಿದು, ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಅದೇ ಸೆರಗಿನ ಮರೆಯಲ್ಲಿ ನನ್ನ ಕಿವಿಗೆ, "ಮೇಲೊಂದು ಟ್ರಂಕು ಕಾಣ್ತಿದೆ, ನೋಡಿದ್ಯಾ?" ಎಂದರು. ನಾನು ಮೊಣಕೈಯಿಂದ ತಿವಿದೆ. ಕರ್ಮಾಂತರವೆಲ್ಲ ಮುಗಿದ ಮೇಲೆ ಆ ಟ್ರಂಕನ್ನು ಇಳಿಸಿ ನೋಡಿಯೇ ಬಿಟ್ಟರು. ಹಳೆಯ ಕಂಬಳಿ, ಇಲಿಯ ಹಿಕ್ಕೆ, ಜೊತೆಗೆ ಮುಖಪುಟವಿಲ್ಲದ ಒಂದು ಚಿತ್ರಕಥೆ ಪುಸ್ತಕ ಸಿಕ್ಕಿತು. ಸತ್ತವರ ಹೆಂಡತಿಯೇ ನಕ್ಕು ಅದನ್ನು ಇವರ ಕೈಗಿಟ್ಟರು.

ರತ್ನಕ್ಕ ಕೂಡಿಡುತ್ತಿದ್ದದ್ದು ಇಂಥ ಹಳೆಯ ಚಿತ್ರಕಥೆಗಳನ್ನು, ಕಾಮಿಕ್ಸ್ ಪುಸ್ತಕಗಳನ್ನು. ಗೋಣಿಬೀಡಿನ ಸುತ್ತಮುತ್ತ ಹಳೆಯ ಕೋವಿ ಕೂಡಿಡುವವರಿದ್ದಾರೆ, ಹಳೆಯ ಜೀಪು ಕೂಡಿಡುವವರಿದ್ದಾರೆ, ತಾತನ ಕಾಲದ ಜಗಳವನ್ನು ಜೋಪಾನವಾಗಿ ಇಟ್ಟುಕೊಂಡವರೂ ಇದ್ದಾರೆ. ಅದಕ್ಕೆಲ್ಲ ಗೌರವವಿದೆ. ನಾಲ್ಕು ಎಕರೆ ಕಾಫಿ ತೋಟವನ್ನು ಒಬ್ಬರೇ ನೋಡಿಕೊಳ್ಳುತ್ತಿದ್ದ, ಅರವತ್ತು ದಾಟಿದ ವಿಧವೆ ಚಿತ್ರಕಥೆ ಹುಡುಕಿಕೊಂಡು ಬಸ್ಸು ಹತ್ತಿದರೆ ಮಾತ್ರ ಜನಕ್ಕೆ ಎಲ್ಲಿಲ್ಲದ ನಗು. "ಮಕ್ಕಳಿಲ್ಲ ನೋಡಿ, ಅದ್ಕೇ ಮಕ್ಕಳ ಪುಸ್ತಕದ ಹುಚ್ಚು" ಎಂದು ಅವರ ಮೈದುನನೇ ಊರ ತುಂಬ ಹೇಳಿಕೊಂಡು ತಿರುಗಿದ. ಆ ಮಾತು ಕಿವಿಗೆ ಬಿದ್ದ ದಿನ ರತ್ನಕ್ಕ ನೇರ ಅವನ ಮನೆಯ ಜಗಲಿಗೆ ಹೋಗಿ ಕೂತರು. "ಹೌದು ಮಾರಾಯ, ಮಕ್ಕಳಿದ್ದಿದ್ರೆ ಇಷ್ಟೊತ್ತಿಗೆ ಎಲ್ಲಾ ಹರ್ದು ದೋಣಿ ಮಾಡಿ ನೀರಿಗೆ ಬಿಟ್ಟಿರೋವು. ದೇವ್ರು ನೋಡ್ಕಂಡೇ ಮಾಡಿದಾನೆ" ಎಂದು ಹೇಳಿ, ಅವನ ಹೆಂಡತಿ ಕೊಟ್ಟ ಕಾಫಿಯನ್ನು ನಿಧಾನವಾಗಿ ಕುಡಿದು ಎದ್ದು ಬಂದರು. ನನಗೆ ಅವರ ಮೇಲೆ ಪ್ರೀತಿ ಹುಟ್ಟಿದ್ದು ಆ ಕಾಫಿಯ ಕಥೆ ಕೇಳಿದ ಮೇಲೆ.

ಗೋಣಿಬೀಡಿನ ಬಸ್ ಸ್ಟ್ಯಾಂಡಿನ ಎದುರು ನನ್ನದೊಂದು ಝೆರಾಕ್ಸ್ ಅಂಗಡಿ. ಆಧಾರ್, ಪಹಣಿ, ಮಕ್ಕಳ ಮಾರ್ಕ್ಸ್ ಕಾರ್ಡು, ಇವೇ ನನ್ನ ದಿನದ ಊಟ. ಒಂದು ಮಧ್ಯಾಹ್ನ ರತ್ನಕ್ಕ ಬಂದು ಅಕ್ಕಿಚೀಲದೊಳಗಿಂದ ಒಂದು ಪ್ಲಾಸ್ಟಿಕ್ ಕವರು, ಕವರಿನೊಳಗಿಂದ ಹಳೆಯ ಸೀರೆಯ ತುಂಡು, ಅದರೊಳಗಿಂದ ಎರಡು ತೆಳ್ಳನೆಯ ಪುಸ್ತಕ ತೆಗೆದು ಕೌಂಟರಿನ ಮೇಲಿಟ್ಟರು. ಒಂದಕ್ಕೆ ಕೊನೆಯ ಪುಟವಿರಲಿಲ್ಲ. ಇನ್ನೊಂದು ಯಾರಿಂದಲೋ ಎರವಲು ತಂದದ್ದು, ಅದರಲ್ಲಿ ಪುಟ ಪೂರ್ತಿ ಇತ್ತು.

"ಇದರ ಕೊನೇ ಪುಟದ ಕಾಪಿ ತೆಗ್ದು ಅದಕ್ಕೆ ಕೊಡು. ಮೆಲ್ಲಗೆ ಒತ್ತು, ಕಾಗದಕ್ಕೆ ವಯಸ್ಸಾಗಿದೆ."

"ಮೊಮ್ಮಗನಿಗಾ ಅಮ್ಮಾ?" ಎಂದೆ. ಆಗ ನನಗೆ ಅವರ ಪರಿಚಯವಿರಲಿಲ್ಲ.

"ನಂಗೆ" ಎಂದರು. ಆಮೇಲೆ ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ನಾಚ್ಕಂಡು ಓದೋದಾದ್ರೆ ಕದ್ದು ಓದ್ದಂಗೆ. ನಂದು ಕಾಸು ಕೊಟ್ಟು ತಂದಿದ್ದು, ಮಾರಾಯ್ತಿ" ಎಂದರು. ಅಂದಿನಿಂದ ನನಗೆ ಅವರು ರತ್ನಕ್ಕ, ಅವರಿಗೆ ನಾನು ಸುಮಾ.

ಅವರ ಅಪ್ಪ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದರು. ಬಂಗಲೆಯ ಮಕ್ಕಳು ಓದಿ ಎಸೆದ ಚಿತ್ರಕಥೆಗಳನ್ನು ಮನೆಗೆ ತರುತ್ತಿದ್ದರು. ಅವುಗಳಲ್ಲಿ ರತ್ನಕ್ಕನ ಜೀವ ಇದ್ದದ್ದು 'ಸಿಡಿಲು ಸೀನ'ನಲ್ಲಿ. ಸೀನ ಮಾಮೂಲಿ ದಿನಗಳಲ್ಲಿ ಪೋಸ್ಟ್‌ಮ್ಯಾನು. ಗುಡುಗಿದ ಕೂಡಲೇ ಕೊಡೆ ಬಿಚ್ಚಿ ಗುಡ್ಡದಿಂದ ಗುಡ್ಡಕ್ಕೆ ಹಾರಿ, ಮರಗಳ್ಳರನ್ನೂ ಬಡವರ ಜಮೀನು ನುಂಗುವವರನ್ನೂ ಹಿಡಿದು ಒದೆಯುತ್ತಿದ್ದ. ಏಳನೇ ಕ್ಲಾಸಿಗೆ ರತ್ನಕ್ಕನ ಶಾಲೆ ನಿಂತಿತು. ಅಣ್ಣಂದಿರದು ನಿಲ್ಲಲಿಲ್ಲ. "ಶಾಲೆ ಬಿಡ್ಸಿದ್ರು, ಸೀನನ್ನ ಬಿಡ್ಸೋಕೆ ಆಗ್ಲಿಲ್ಲ" ಎನ್ನುತ್ತಿದ್ದರು. ಬಿಡಿಸಲು ನೋಡಿದ್ದಂತೂ ಹೌದು. ಮದುವೆಯ ಹಿಂದಿನ ದಿನ ಅವರಮ್ಮ, ಗಂಡನ ಮನೆಗೆ ಇದೆಲ್ಲ ಹೊತ್ತುಕೊಂಡು ಹೋದರೆ ನಗುತ್ತಾರೆಂದು, ಅಷ್ಟೂ ಪುಸ್ತಕವನ್ನು ಬಚ್ಚಲೊಲೆಗೆ ಹಾಕಿದರಂತೆ. ಸೀನನನ್ನು ಸುಟ್ಟು ಕಾಯಿಸಿದ ನೀರಿನಲ್ಲಿ ತನಗೆ ಅರಿಶಿನದ ಸ್ನಾನ ಮಾಡಿಸಿದರು ಎಂದು ರತ್ನಕ್ಕ ಹೇಳುವಾಗ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಗಂಡ ತೀರಿಕೊಂಡು, ತೋಟ ಕೈಗೆ ಬಂದ ಮೇಲೆ, ಅಂದು ಸುಟ್ಟದ್ದನ್ನೆಲ್ಲ ಅವರು ಒಂದೊಂದಾಗಿ ಮತ್ತೆ ಹುಡುಕಿ ತಂದರು.

ತಂದದ್ದನ್ನು ಇಟ್ಟ ರೀತಿ ಮಾತ್ರ ಪ್ರಪಂಚದ ಬೇರಾವ ಸಂಗ್ರಹಕಾರರೂ ಇಟ್ಟದ್ದಲ್ಲ. ನಮ್ಮ ಕಡೆಯ ಮಳೆಗೆ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ದೇವರ ಪಟಕ್ಕೂ ಹಿಡಿಯುತ್ತದೆ, ಕಾಗದದ ಮಾತು ಕೇಳಬೇಡಿ. ರತ್ನಕ್ಕ ಬಿತ್ತನೆ ಬೀಜ ಇಡುವ ಹಾಗೆ ಪುಸ್ತಕಗಳನ್ನು ಬುಟ್ಟಿಗೆ ಹಾಕಿ ಅಡುಗೆ ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಇಟ್ಟರು. ಮನೆಗೆ ಗ್ಯಾಸ್ ಬಂದು ಎಷ್ಟೋ ಕಾಲವಾಗಿತ್ತು. ಅನ್ನ ಸಾರು ಗ್ಯಾಸಿನ ಮೇಲೆ ಬೇಯುತ್ತಿತ್ತು, ಪುಸ್ತಕಗಳಿಗೋಸ್ಕರ ಒಲೆ ಉರಿಯುತ್ತಿತ್ತು. ಪುಟಗಳೆಲ್ಲ ಕಂದು ಬಣ್ಣಕ್ಕೆ ತಿರುಗಿದವು, ತೆರೆದರೆ ಒಣಮೆಣಸಿನ ವಾಸನೆ. ಆದರೆ ಹುಳ ಬೀಳಲಿಲ್ಲ, ಬೂಷ್ಟು ಹತ್ತಲಿಲ್ಲ. ಬೇರೆಯವರ ಅಟ್ಟದಲ್ಲಿದ್ದ ಸೀನ ಮಳೆಗೆ ಮುದ್ದೆಯಾಗಿ ಹೋದ, ಇವರ ಸೀನ ಹೊಗೆ ಕುಡಿದು ಉಳಿದ.

ಆ ಪುಸ್ತಕಗಳಲ್ಲಿ ಚಿತ್ರ ಬರೆದವರ ಹೆಸರು ಎಲ್ಲೂ ಇರಲಿಲ್ಲ. ಪ್ರೆಸ್ಸಿನ ಹೆಸರಿತ್ತು, ಬೆಲೆಯಿತ್ತು, ಹಿಂದಿನ ಪುಟದಲ್ಲಿ ಹಲ್ಲುಪುಡಿಯ ಜಾಹೀರಾತಿತ್ತು. ಇದು ರತ್ನಕ್ಕನನ್ನು ಕಾಡುತ್ತಿತ್ತು. "ಹಲ್ಲುಪುಡಿಯೋನಿಗೆ ಹೆಸರಿದೆ, ಸೀನನ್ನ ಹೆತ್ತೋನಿಗಿಲ್ಲ" ಎಂದು ಗೊಣಗುತ್ತಿದ್ದರು. ಒಮ್ಮೆ ಯಾರದೋ ಗೃಹಪ್ರವೇಶಕ್ಕೆಂದು ಕಳಸದ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಲ್ಲಿ ಮೇರುತಿ ಗುಡ್ಡ ಕಂಡಿತು. ಕಂಡದ್ದೇ ಎದ್ದು ನಿಂತರಂತೆ. ಸೀನನ ಪ್ರತಿ ಪುಸ್ತಕದಲ್ಲೂ ಕಳ್ಳರು ಅಡಗುವ ಗುಡ್ಡ ಅದೇ. ಈ ಗುಡ್ಡವನ್ನು ದಿನಾ ನೋಡುತ್ತಿದ್ದವನೇ ಅದನ್ನು ಬರೆದಿರಬೇಕು ಎಂದು ಅಲ್ಲೇ ತೀರ್ಮಾನಿಸಿದರು. ಕಳಸದಲ್ಲಿ ಇಳಿದವರು ಗೃಹಪ್ರವೇಶದ ಊಟ ಬಿಟ್ಟು ಪೇಟೆ ಸುತ್ತಿದರು. ಒಂದು ಹಳೆಯ ಅಂಗಡಿಯ ಬೋರ್ಡಿನಲ್ಲಿ 'ಕಳಸ' ಎಂದು ಬರೆದಿತ್ತು. ಅದರ 'ಳ'ಕಾರದ ಬಾಲ ಸೀನನ ಪುಸ್ತಕದ 'ಳ'ಕಾರದ ಬಾಲದಂತೆಯೇ ಒಳಗೆ ಸುತ್ತಿಕೊಂಡಿತ್ತು. ಬೋರ್ಡು ಬರೆದವರು ಯಾರೆಂದು ಕೇಳಿದಾಗ ಸಿಕ್ಕ ಹೆಸರು, ವಿಠ್ಠಲಮೂರ್ತಿ ಮಾಸ್ಟ್ರು, ನಿವೃತ್ತ ಡ್ರಾಯಿಂಗ್ ಟೀಚರು.

ಮುಂದಿನ ಭಾನುವಾರ ನನ್ನ ಅಂಗಡಿಗೆ ಬಾಗಿಲು ಹಾಕಿಸಿ ಜೊತೆಗೆ ಕರೆದುಕೊಂಡು ಹೊರಟರು. ಚೀಲದಲ್ಲಿ ಸೀನನ ಮೊದಲನೆಯ ಪುಸ್ತಕ.

ಮಾಸ್ಟ್ರು ಎಂಬತ್ತು ದಾಟಿದ ತೆಳ್ಳಗಿನ ಮನುಷ್ಯ, ಪಂಚೆ, ಹೆಗಲ ಮೇಲೆ ಶಲ್ಯ. ರತ್ನಕ್ಕ ಪುಸ್ತಕ ತೆಗೆದು ಮುಂದಿಟ್ಟಾಗ ಮುಟ್ಟಲಿಲ್ಲ. "ಇದು ನನ್ನದಲ್ಲಮ್ಮ" ಎಂದರು.

"ಗುಡ್ಡ ನಿಮ್ದು, 'ಳ' ನಿಮ್ದು. ಸೀನ ಒಬ್ನೇ ಬೇರೆಯೋರಿಗೆ ಹುಟ್ಟಿದ್ನಾ ಮಾಸ್ಟ್ರೇ?" ಎಂದರು ರತ್ನಕ್ಕ.

ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಮಾಸ್ಟ್ರು ಮಾತ್ರ ಬಾಯಿ ತುಂಬ ನಕ್ಕರು. ಅವರದು ಪೂಜೆಯ ಮನೆತನ. "ಅಪ್ಪ ದೇವಸ್ಥಾನದಲ್ಲಿ ಅಭಿಷೇಕ ಮಾಡ್ತಿದ್ರು. ಮಗ ಕೊಡೆ ಹಿಡ್ಕೊಂಡು ಹಾರೋನ ಚಿತ್ರ ಬರೀತಾನೆ ಅಂದ್ರೆ ಊರಲ್ಲಿ ತಲೆ ಎತ್ತೋ ಹಾಗಿತ್ತಾ? ಹೆಸರು ಹಾಕಿ ಅಂತ ಕೇಳೋ ಧೈರ್ಯ ನನಗೆ ಬರ್ಲಿಲ್ಲ. ಪ್ರೆಸ್ಸಿನವರು ತಾವಾಗಿ ಹಾಕ್ಲಿಲ್ಲ" ಎಂದರು.

ಪುಸ್ತಕವನ್ನು ಕೈಗೆತ್ತಿಕೊಂಡವರು ಮುಖಪುಟ ನೋಡಲಿಲ್ಲ. ಸರಸರನೆ ಒಳಗಿನ ಒಂದು ಪುಟಕ್ಕೆ ಹೋದರು. ಸೀನ ಎರಡೂ ಕೈ ಎತ್ತಿ ಕಳ್ಳರನ್ನು ತಡೆದು ನಿಂತ ಚಿತ್ರ. "ನೋಡಿ, ಎರಡೂ ಬಲಗೈ" ಎಂದರು. ನಿಜ, ಎಡಗೈಯ ಹೆಬ್ಬೆರಳು ಇರಬಾರದ ಕಡೆಗಿತ್ತು. ಬೆಳಗಿನ ಬಸ್ಸಿನಲ್ಲಿ ಪ್ರೆಸ್ಸಿಗೆ ಚಿತ್ರಗಳ ಕಟ್ಟು ಕಳಿಸುವ ಅವಸರದಲ್ಲಿ ಹಾಗಾಯಿತಂತೆ. ಅಚ್ಚಾಗಿ ಬಂದ ಮೇಲೆ ಯಾರಾದರೂ ಕಂಡುಹಿಡಿದಾರೆಂದು ಇಷ್ಟು ವರ್ಷ ಹೆದರಿಕೊಂಡೇ ಇದ್ದರಂತೆ. ಒಳಗೆ ಹೋಗಿ ಮಸಿಕುಡಿಕೆ, ನಿಬ್ಬಿನ ಪೆನ್ನು ತಂದರು. ತಪ್ಪು ಹೆಬ್ಬೆರಳಿನ ಮೇಲೊಂದು ಗೆರೆ ಎಳೆದು, ಸರಿಯಾದ ಕಡೆ ಹೊಸ ಹೆಬ್ಬೆರಳು ಬರೆದರು. ಹಳೆಯದು ಅಳಿಯಲಿಲ್ಲ, ಹೊಸದು ಕೂತಿತು. ಸೀನನ ಎಡಗೈಗೆ ಈಗ ಎರಡು ಹೆಬ್ಬೆರಳು.

"ಈಗ ಸಹಿ ಹಾಕಿ" ಎಂದರು ರತ್ನಕ್ಕ, ಮುಖಪುಟ ತಿರುಗಿಸಿ.

ಮಾಸ್ಟ್ರು 'ವಿ. ಮೂ' ಎಂದು ಹಾಕಲೇ ಎಂದು ಕೇಳಿದರು.

"ಪೂರ್ತಿ ಬರೀರಿ. ಅರ್ಧ ಹೆಸರಿಗೆ ಇಷ್ಟು ದೂರ ಬಂದಿಲ್ಲ."

ಕೊಡೆಯ ಕೆಳಗೆ ಖಾಲಿಯಿದ್ದ ಆಕಾಶದಲ್ಲಿ ಪೂರ್ತಿ ಹೆಸರು ಬರೆದರು. ಬೋರ್ಡಿನ 'ಳ'ಕಾರದ ಹಾಗೇ 'ಠ್ಠ'ದ ಒತ್ತಿಗೂ ಒಂದು ಸುತ್ತು ಇತ್ತು. ಬರೆದು, ನಿಬ್ಬಿನ ತುದಿಯನ್ನು ಪಂಚೆಗೆ ಒರೆಸಿಕೊಂಡರು. ನಾನು ಫೋಟೋ ತೆಗೆಯಲು ಮೊಬೈಲ್ ಎತ್ತಿದೆ. ಮಾಸ್ಟ್ರು ಶಲ್ಯವನ್ನು ಮುಖಕ್ಕೆ ಅಡ್ಡ ಹಿಡಿದರು. "ಒಳಗಿಡೇ ಅದನ್ನ. ಅವರು ಈಗಷ್ಟೇ ಹೊರಗೆ ಬಂದಿದಾರೆ, ಹೆದರಿಸ್ಬೇಡ" ಎಂದು ರತ್ನಕ್ಕ ಗದರಿದರು. ಮೊಬೈಲ್ ಚೀಲಕ್ಕೆ ಹೋಯಿತು.

ಇಲ್ಲಿಗೆ ನಿಂತಿದ್ದರೆ ಇದು ಸುಖದ ಕಥೆ. ಆದರೆ ಮಲ್ಲಂದೂರಿನ ಹತ್ತಿರ ಹೋಂ ಸ್ಟೇ ನಡೆಸುವ ಹರೀಶ್ ಎನ್ನುವವರಿಗೆ ಹೇಗೋ ಈ ಪುಸ್ತಕದ ಸುದ್ದಿ ಮುಟ್ಟಿತು. ಅವರೂ ಕಾಮಿಕ್ಸ್ ಕೂಡಿಡುವವರು, ದೊಡ್ಡ ಮಟ್ಟದಲ್ಲಿ. ವರ್ಷಕ್ಕೊಮ್ಮೆ ತಮ್ಮ ಹೋಂ ಸ್ಟೇಯ ದೊಡ್ಡ ಹಾಲಿನಲ್ಲಿ ಸಂಗ್ರಹಕಾರರ ಕೂಟ ಮಾಡುತ್ತಿದ್ದರು. ನಮ್ಮನ್ನು ಕರೆದರು, ಹೋದೆವು. ಗೋಡೆಯ ತುಂಬ ಪುಸ್ತಕಗಳು, ಪ್ರತಿಯೊಂದೂ ದಪ್ಪ ಗಾಜಿನಂಥ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ, ಪ್ರತಿಯೊಂದರ ನೆತ್ತಿಯ ಮೇಲೆ ಒಂದು ಚೀಟಿ, ಚೀಟಿಯಲ್ಲಿ ಒಂದು ಅಂಕಿ. ಹೊರದೇಶದಲ್ಲಿ ಒಂದು ಕಂಪನಿಯಿದೆಯಂತೆ. ಕಳಿಸಿಕೊಟ್ಟರೆ ಅಲ್ಲಿನ ಪರಿಣತರು ಪುಸ್ತಕದ ಮೂಲೆ, ಬೆನ್ನು, ಬಣ್ಣ ಎಲ್ಲ ಪರೀಕ್ಷಿಸಿ, ಹತ್ತಕ್ಕೆ ಇಷ್ಟು ಎಂದು ಗ್ರೇಡು ಕೊಟ್ಟು, ಪೆಟ್ಟಿಗೆಯಲ್ಲಿ ಸೀಲು ಮಾಡಿ ವಾಪಸು ಕಳಿಸುತ್ತಾರೆ.

ರತ್ನಕ್ಕ ಒಂದು ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಮುಚ್ಚಳ ಎಲ್ಲಿದೆ?"

"ತೆಗೆಯೋ ಹಾಗಿಲ್ಲ ಅಮ್ಮ. ಇನ್ನು ಇದನ್ನ ಗಾಳಿ ಕೂಡ ಮುಟ್ಟಲ್ಲ" ಎಂದರು ಹರೀಶ್, ಹೆಮ್ಮೆಯಿಂದ.

"ಮತ್ತೆ ಕೊನೇಲಿ ಕಳ್ಳ ಸಿಕ್ಕಿದ್ನೋ ಇಲ್ವೋ ಅಂತ ಹೆಂಗ್ ಗೊತ್ತಾಗುತ್ತೆ?"

ಸುತ್ತಲಿದ್ದವರು ನಕ್ಕರು. ರತ್ನಕ್ಕ ನಗಲಿಲ್ಲ, ಅವರು ನಿಜವಾಗಿಯೂ ಕೇಳಿದ್ದು. ಆದರೆ ಅಲ್ಲೇ ಪಕ್ಕದ ಒಂದು ಪೆಟ್ಟಿಗೆಯ ಚೀಟಿ ಬೇರೆ ಬಣ್ಣದ್ದಿತ್ತು. ಇದಕ್ಕೆ ಕಲಾವಿದರ ಸಹಿಯಿದೆ, ಅದಕ್ಕೇ ಚೀಟಿಯ ಮೇಲೆ ಅವರ ಹೆಸರು ಹಾಕಿದ್ದಾರೆ ಎಂದು ಹರೀಶ್ ವಿವರಿಸಿದರು. ರತ್ನಕ್ಕನ ಮುಖ ಬದಲಾಯಿತು.

"ಹೆಸರು ಅಚ್ಚು ಹಾಕ್ತಾರಾ?"

"ಹಾಕ್ತಾರೆ."

ವಾಪಸು ಬರುವಾಗ ಬಸ್ಸಿನಲ್ಲಿ ಒಂದೇ ಮಾತು. ಮಾಸ್ಟ್ರ ಹೆಸರು ಅವರ ಜನ್ಮದಲ್ಲಿ ಒಂದು ಸಲ ಅಚ್ಚಾಗಬೇಕು, ಅದನ್ನು ಕಳಸಕ್ಕೆ ಒಯ್ದು ಅವರ ಕೈಗೆ ಕೊಡಬೇಕು. ಪೆಟ್ಟಿಗೆ ತನಗೆ ಹಿಡಿಸದಿದ್ದರೂ ಪರವಾಗಿಲ್ಲ, ಚೀಟಿ ಬೇಕು. "ಗ್ರೇಡಿಂಗ್ ಅಂದ್ರೆ ನಮಗೇನು ಹೊಸದಾ? ಬೀಜ ಸುಲಿಯೋ ಕ್ಯೂರಿಂಗ್ ವರ್ಕ್ಸ್‌ನಲ್ಲಿ ನಮ್ಮ ಕಾಫಿಗೆ ಮಾಡಲ್ವಾ? ಕೊಡ್ಲಿ" ಎಂದರು.

ಹರೀಶ್ ಕೆಟ್ಟ ಮನುಷ್ಯನಲ್ಲ, ಇದನ್ನು ಹೇಳಲೇಬೇಕು. ಒಂದು ತೊಡಕಿದೆ ಎಂದು ಮೊದಲೇ ಎಚ್ಚರಿಸಿದರು. ಸಹಿ ಹಾಕುವಾಗ ಕಂಪನಿಯ ಕಡೆಯವರೊಬ್ಬರು ಎದುರಿಗಿದ್ದು ನೋಡಿರಬೇಕು ಎಂಬುದು ನಿಯಮ. "ನಾವಿಬ್ರು ಎದುರಿಗೇ ಇದ್ವಲ್ಲ, ಬರೀರಿ ಅವರಿಗೆ" ಎಂದರು ರತ್ನಕ್ಕ. ಹರೀಶ್ ಬರೆಯುವುದಾಗಿ ಒಪ್ಪಿಕೊಂಡು ಪುಸ್ತಕದ ಕಟ್ಟು ಬಿಚ್ಚಿ ನೋಡಿದರೆ, ಒಳಗೆ ಪುಟಗಳ ಸಂದಿಯಲ್ಲಿ ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಒಂದು ಹಿಡಿ ಪಾರ್ಚ್‌ಮೆಂಟ್ ಕಾಫಿಬೀಜ. ದಾರಿಯಲ್ಲಿ ಪುಸ್ತಕಕ್ಕೆ ಥಂಡಿ ಹಿಡಿಯದಿರಲಿ, ಕಾಫಿಬೀಜ ತೇವ ಎಳೆದುಕೊಳ್ಳುತ್ತದೆ ಎಂದು ರತ್ನಕ್ಕ ತುಂಬಿಸಿದ್ದು. ಹೊರದೇಶದ ಕಸ್ಟಮ್ಸ್‌ನವರಿಗೆ ಬೀಜ ಸಿಕ್ಕಿದ್ದರೆ ಪುಸ್ತಕದ ಜೊತೆ ತನಗೂ ಸೀಲು ಹಾಕುತ್ತಿದ್ದರು ಎಂದು ಹರೀಶ್ ತಲೆ ಮೇಲೆ ಕೈಹೊತ್ತರು. ರತ್ನಕ್ಕ ಬೀಜಗಳನ್ನು ಒಂದೂ ಬಿಡದೆ ಆರಿಸಿ ಸೆರಗಿಗೆ ಕಟ್ಟಿಕೊಂಡರು.

ಪುಸ್ತಕ ಹೋಯಿತು. ಮಳೆ ಬಂತು, ಹೋಯಿತು, ಕಾಫಿ ಹಣ್ಣಾಯಿತು. ಕೊಯ್ಲಿನ ನಡುವೆ ಒಂದು ದಿನ ಕಳಸದಿಂದ ಫೋನು ಬಂತು. ಮಾಸ್ಟ್ರು ತೀರಿಕೊಂಡಿದ್ದರು. ಆಳುಗಳನ್ನು ಮೇಸ್ತ್ರಿಗೆ ಒಪ್ಪಿಸಿ ರತ್ನಕ್ಕ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತರು. "ಇನ್ನೊಂಚೂರು ತಡ್ಕಂಡಿದ್ರೆ ಆಗ್ತಿತ್ತು" ಎಂದು ಅಷ್ಟೇ ಹೇಳಿದರು.

ಪುಸ್ತಕ ವಾಪಸು ಬಂದ ಸುದ್ದಿ ಮುಂದಿನ ಕೂಟದ ಹೊತ್ತಿಗೆ ಮುಟ್ಟಿತು. ಕೂಟದಲ್ಲೇ ಕೊಡುತ್ತೇನೆ ಎಂದರು ಹರೀಶ್. ರತ್ನಕ್ಕ ರೇಷ್ಮೆ ಸೀರೆ ಉಟ್ಟು, ಹೂ ಮುಡಿದು ಬಂದರು. ವಿಧವೆ ಹೂ ಮುಡಿದದ್ದಕ್ಕೆ ಬಸ್ಸಿನಲ್ಲಿ ಒಬ್ಬಾಕೆ ಮುಖ ತಿರುವಿದಳು. ಇವರು ಅವಳಿಗೇ ಕಾಣುವ ಹಾಗೆ ಹೂವನ್ನು ಭುಜದ ಮುಂದಕ್ಕೆ ತಂದುಕೊಂಡರು.

ಹರೀಶ್ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಕೊಟ್ಟರು. ಅವರ ಮುಖ ನೋಡಿಯೇ ನನಗೆ ಏನೋ ಸರಿಯಿಲ್ಲ ಅನ್ನಿಸಿತು. ಚೀಟಿ ಮಾಮೂಲಿ ಬಣ್ಣದ್ದು. ಹತ್ತಕ್ಕೆ ಮೂರೂವರೆ.

"ಓದೇ ಸುಮಾ" ಎಂದರು ರತ್ನಕ್ಕ.

ಇಂಗ್ಲಿಷಿನಲ್ಲಿತ್ತು. ನಾನು ಕನ್ನಡದಲ್ಲಿ ಹೇಳಿದೆ. ಮುಖಪುಟದ ಮೇಲೆ ಪೆನ್ನಿನ ಬರಹ. ಒಳಪುಟವೊಂದರಲ್ಲಿ ಪೆನ್ನಿನ ಗೆರೆ. ಕಾಗದ ಕಂದು. ಈ ಕಾರಣಗಳಿಗಾಗಿ ಅಂಕ ಕಡಿಮೆ.

"ಹೆಸರು?"

"ಹೆಸರಿಲ್ಲ ರತ್ನಕ್ಕ."

ನಾವಿಬ್ಬರೂ ನೋಡಿದ್ದೇವೆಂದು ಹರೀಶ್ ಬರೆದಿದ್ದರು. ತಮ್ಮವರು ನೋಡದ ಸಹಿ ಸಹಿಯಲ್ಲ, ಅದು ಪುಸ್ತಕಕ್ಕೆ ಆದ ಹಾನಿ, ಎಂಬುದು ಕಂಪನಿಯ ಉತ್ತರ. ಹರೀಶ್ ಸಮಾಧಾನ ಮಾಡಲು ಹೋದರು. "ಬೇಜಾರು ಮಾಡ್ಕೋಬೇಡಿ ಅಮ್ಮ. ಇದಕ್ಕೂ ದಾರಿ ಇದೆ. ಕಾಗದಕ್ಕೆ ಪೆಟ್ಟಾಗದ ಹಾಗೆ ಮಸಿ ತೆಗೆಯೋ ಪರಿಣತರಿದ್ದಾರೆ. ಆ ಬರಹ, ಆ ಗೆರೆ ತೆಗ್ಸಿ, ಹೊಗೆಯ ಬಣ್ಣನೂ ಸ್ವಲ್ಪ ತಿಳಿ ಮಾಡ್ಸಿ ಮತ್ತೆ ಕಳ್ಸಿದ್ರೆ ಏಳರ ಮೇಲೆ ಖಂಡಿತ ಬರುತ್ತೆ."

ರತ್ನಕ್ಕ ಅವರನ್ನೇ ನೋಡಿದರು. "ಅಳಿಸ್ತಾರಾ?"

"ನಾಜೂಕಾಗಿ ಅಮ್ಮ, ಗುರುತೇ ಇರಲ್ಲ."

"ಅದೇ ಅಲ್ವಾ ಆ ಮನುಷ್ಯನ ಕಥೆ. ಬದುಕಿದ್ದಾಗ ಗುರುತಿರ್ಲಿಲ್ಲ. ಈಗ ನಾಜೂಕಾಗ್ ಬೇರೆ ಅಳಿಸ್ಬೇಕಾ?"

ರತ್ನಕ್ಕ ನಿಧಾನವಾಗಿ ಕುರ್ಚಿಯಲ್ಲಿ ಕೂತು, ಸೊಂಟದಿಂದ ಎಲೆಅಡಿಕೆಯ ಚೀಲ ತೆಗೆದರು. ಇಂಥ ಹೊತ್ತಿನಲ್ಲೂ ಎಲೆ ಹಾಕುತ್ತಾರಲ್ಲ ಎಂದುಕೊಂಡೆ. ಚೀಲದಿಂದ ಬಂದದ್ದು ಅಡಕತ್ತರಿ. ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟು, ಅದರ ಮೂಲೆಯನ್ನು ಅಡಕತ್ತರಿಯ ಬಾಯಿಗೆ ಕೊಟ್ಟು ಒತ್ತಿದರು. ಗಟ್ಟಿ ಚಾಲಿ ಅಡಿಕೆ ಒಡೆದ ಸದ್ದು. ಯಾರೋ "ಅಯ್ಯೋ, ಗ್ರೇಡು ಹೋಯ್ತು" ಎಂದರು.

"ಹೋಗ್ಲಿ" ಎಂದು ಇನ್ನೊಂದು ಮೂಲೆ ಒಡೆದರು. "ಕಾಫಿಗೆ ಗ್ರೇಡ್ ಕೊಡೋರೂ ಒಂದು ಕಪ್ ಮಾಡಿ ಬಾಯಿಗೆ ಹಾಕಿ ನೋಡ್ತಾರೆ ಮಾರಾಯ. ಇವರು ಇದನ್ನ ಓದಿದಾರಾ? ಒಂದಕ್ಷರ ಬರುತ್ತಾ ಅವರಿಗೆ? ಹೊಗೆ ಹಾಕಿದ್ದು ನಾನು. ಹಾಕದಿದ್ರೆ ಮೂರೂವರೆ ಕೊಡೋಕೂ ಇದು ಇರ್ತಿರ್ಲಿಲ್ಲ. ಸಹಿ ಹಾಕ್ದಾಗ ಎದುರಿಗಿದ್ದಿದ್ದು ನಾನು, ಇವಳು. ನಮ್ಮ ಕಣ್ಣು ಕಣ್ಣಲ್ವಾ?"

ಪುಸ್ತಕ ಹೊರಗೆ ಬಂತು. ಒಣಮೆಣಸಿನ ವಾಸನೆ ಹಾಲಿಗೆ ಹರಡಿತು. ರತ್ನಕ್ಕ ಎದ್ದು ನಿಂತು, ಕನ್ನಡಕ ಸರಿಮಾಡಿಕೊಂಡು, ಮೊದಲನೇ ಪುಟದಿಂದ ಗಟ್ಟಿಯಾಗಿ ಓದಲು ಶುರುಮಾಡಿದರು. ಗುಡುಗಿನ ಸದ್ದನ್ನೂ ಓದಿದರು, ಕಳ್ಳರ ದನಿಗೆ ದನಿ ಬದಲಿಸಿದರು. ಎರಡು ಹೆಬ್ಬೆರಳಿನ ಪುಟ ಬಂದಾಗ ಪುಸ್ತಕವನ್ನು ಎಲ್ಲರ ಕಡೆ ತಿರುಗಿಸಿ, ಮಾಸ್ಟ್ರು ಏನು ಹೇಳಿದರೆಂದು ಹೇಳಿದರು. ಪೂರ್ತಿ ಓದಿ ಮುಗಿಸಿ, "ಕೊನೇಲಿ ಕಳ್ಳ ಸಿಕ್ತಾನೆ" ಎಂದು ಹರೀಶರ ಕಡೆ ನೋಡಿದರು. ಆಮೇಲೆ ಪುಸ್ತಕವನ್ನು ಮೊದಲ ಸಾಲಿನಲ್ಲಿದ್ದವನೊಬ್ಬನ ಕೈಗೆ ಕೊಟ್ಟರು. ಆತ ಕೈಗವಸಿಗಾಗಿ ತಡಕಾಡಿದ. "ಕೈ ತೊಳ್ದಿದೀಯಲ್ಲ? ಹಿಡ್ಕ" ಎಂದರು. ಪುಸ್ತಕ ಕೈಯಿಂದ ಕೈಗೆ ಹೋಗಿ ಕೊನೆಯ ಸಾಲು ಮುಟ್ಟಿ ವಾಪಸು ಬಂತು. ಹರೀಶರ ಕೈಯಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ಇತ್ತು. ಅವರು ಆ ಹೆಬ್ಬೆರಳನ್ನೇ ನೋಡುತ್ತಿದ್ದರು.

ಬಸ್ಸಿನಲ್ಲಿ ರತ್ನಕ್ಕ ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಗೆದ್ದು ಬಂದವರ ಹಾಗೆ ಕೂತಿದ್ದವರು ವಸ್ತಾರೆ ದಾಟುತ್ತಿದ್ದಂತೆ, "ಮಾಸ್ಟ್ರ ಕೈಗೆ ಚೀಟಿ ಕೊಡ್ಬೇಕಿತ್ತು ಕಣೆ" ಎಂದು ಸೆರಗು ಬಾಯಿಗಿಟ್ಟುಕೊಂಡರು. ನನಗೂ ದುಃಖ ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಿದರೆ ಈಗಲೂ ನೆಟ್ಟಗೆ ಹೇಳಲಾರೆ. ಹೆಸರು ಹಾಕದ ಪ್ರೆಸ್ಸಿನವರ ಮೇಲೆ, ಒಲೆಗೆ ಪುಸ್ತಕ ಹಾಕಿದ ತಾಯಿಯ ಮೇಲೆ, ಕಣ್ಣಾರೆ ಕಂಡವರ ಮಾತಿಗೆ ಬೆಲೆ ಕೊಡದ ಆ ಚೀಟಿಯ ಮೇಲೆ.

ಅಂದಿನಿಂದ ರತ್ನಕ್ಕ ಒಂದು ಹೊಸ ಚಾಳಿ ಶುರುಮಾಡಿದರು. ಅಂಗಡಿಗೆ ಬಂದವರೇ, ಗಿರಾಕಿಗಳಿರಲಿ ಬಿಡಲಿ, "ಹೇಳು, ಆವತ್ತು ಏನಾಯ್ತು?" ಎನ್ನುತ್ತಿದ್ದರು. ನಾನು ಮಗ್ಗಿ ಒಪ್ಪಿಸುವ ಹಾಗೆ ಹೇಳಬೇಕು. ಭಾನುವಾರ. ಮಸಿಕುಡಿಕೆ ತಂದರು. ಮೊದಲು ಹೆಬ್ಬೆರಳು, ಆಮೇಲೆ ಹೆಸರು. ಪಂಚೆಗೆ ನಿಬ್ಬು ಒರೆಸಿಕೊಂಡದ್ದನ್ನು ಬಿಟ್ಟರೆ ಮತ್ತೆ ಮೊದಲಿನಿಂದ. "ಏನು ರತ್ನಕ್ಕ, ಕೋರ್ಟಿಗೆ ಹೋಗ್ತೀವಾ?" ಎಂದು ನಾನು ರೇಗಿದರೆ, "ಕೋರ್ಟು ಕರೆಯಲ್ಲ ಅಂತ ಸಾಕ್ಷಿ ಮರೀಬಾರ್ದು" ಎನ್ನುತ್ತಿದ್ದರು.

ಕೊನೆಯ ಸಲ ನೋಡಿದ್ದು ಅವರ ಅಡುಗೆಮನೆಯಲ್ಲಿ. ಎದೆಯ ತೊಂದರೆಗೆ ಹೊಗೆ ಆಗದು ಎಂದು ಡಾಕ್ಟರು ಹೇಳಿದ್ದರು. ಇವರು ಮಂಚವನ್ನೇ ಒಲೆಯ ಪಕ್ಕಕ್ಕೆ ಹಾಕಿಸಿಕೊಂಡಿದ್ದರು. "ಡಾಕ್ಟ್ರು ನಂಗೆ ಹೇಳಿದ್ದು, ಪುಸ್ತಕಕ್ಕಲ್ಲ" ಎಂದು ಕೆಮ್ಮಿದರು. ಬುಟ್ಟಿ ಇಳಿಸಲು ಹೇಳಿ, ಸೀನನ ಮೊದಲನೇ ಪುಸ್ತಕ ತೆಗೆದು ನನ್ನ ಮಡಿಲಿಗೆ ಹಾಕಿದರು. "ಬೀರುಗೆ ಹಾಕ್ಬೇಡ. ಓದೋ ಕಡೆ ಇಡು. ಮಳೆಗಾಲದಲ್ಲಿ ಮಾತ್ರ ಹೊಗೆಗೆ ಹಾಕು." ಆಮೇಲೆ ಕಣ್ಣು ಮುಚ್ಚಿಕೊಂಡು, "ಹೇಳು, ಆವತ್ತು ಏನಾಯ್ತು?" ಎಂದರು. ಹೇಳಿದೆ. ಪಂಚೆಯನ್ನು ಬಿಡಲಿಲ್ಲ. ತಲೆಯಾಡಿಸಿದರು.

ಸೀನ ಈಗ ನನ್ನ ಅಂಗಡಿಯ ಬೆಂಚಿನ ಮೇಲಿದ್ದಾನೆ. ಆಧಾರ್ ಕಾಪಿಗೆ ಕಾಯುವವರು, ಬಸ್ಸಿಗೆ ಕಾಯುವವರು ಓದುತ್ತಾರೆ. ಬೆನ್ನು ಬಿಟ್ಟಿದೆ, ಹೊಲಿದಿದ್ದೇನೆ. ಮಳೆ ಹಿಡಿದರೆ ನಮ್ಮ ಬಚ್ಚಲೊಲೆಯ ಮೇಲಿನ ಅಟ್ಟಕ್ಕೆ ಏರಿಸುತ್ತೇನೆ. ಹತ್ತಕ್ಕೆ ಈಗ ಒಂದೂ ಸಿಗಲಿಕ್ಕಿಲ್ಲ. ಸಿಗದಿರಲಿ.

ಮೊನ್ನೆ ಹರೀಶ್ ಫೋನ್ ಮಾಡಿದ್ದರು. ರತ್ನಕ್ಕ ಹೋದದ್ದು ತಡವಾಗಿ ತಿಳಿಯಿತು ಎಂದು ನಿಜವಾಗಿಯೇ ನೊಂದುಕೊಂಡರು. ಆಮೇಲೆ ತಡವರಿಸುತ್ತ ಪುಸ್ತಕದ ವಿಷಯಕ್ಕೆ ಬಂದರು. ಸರಿಮಾಡಿಸಿ ಮತ್ತೆ ಕಳಿಸುವುದಾದರೆ ಖರ್ಚು ತಾವೇ ನೋಡಿಕೊಳ್ಳುತ್ತಾರಂತೆ. "ಅಮ್ಮ ಇದ್ದಾಗ ಅವರ ಮನಸ್ಸು ನೋಯಿಸೋಕೆ ಇಷ್ಟ ಇರ್ಲಿಲ್ಲ. ಈಗ ಆ ಸಹಿಗೆ ಸಾಕ್ಷಿ ಅಂತ ಯಾರೂ ಉಳ್ದಿಲ್ವಲ್ಲ" ಎಂದರು. ಇಬ್ಬರು ನೋಡಿದ್ದಾರೆಂದು ಕಂಪನಿಗೆ ಬರೆದವರೇ ನನ್ನನ್ನು ಮರೆತಿದ್ದರು.

ಅಂಗಡಿಯಲ್ಲಿ ನಾಲ್ಕಾರು ಜನ ಕಾಯುತ್ತಿದ್ದರು. ಮಶೀನು ನಿಲ್ಲಿಸಿದೆ.

"ಹರೀಶ್ ಸಾರ್, ಕೇಳಿಸ್ಕೊಳ್ಳಿ" ಎಂದೆ. "ಆವತ್ತು ಭಾನುವಾರ. ವಿಠ್ಠಲಮೂರ್ತಿ ಮಾಸ್ಟ್ರು ಒಳಗಿಂದ ಮಸಿಕುಡಿಕೆ ತಂದ್ರು. ಮೊದಲು ಹೆಬ್ಬೆರಳು ತಿದ್ದಿದ್ರು. ಆಮೇಲೆ ಕೊಡೆಯ ಕೆಳಗೆ ಪೂರ್ತಿ ಹೆಸರು ಬರೆದ್ರು. ಬರೆದು, ನಿಬ್ಬನ್ನ ಪಂಚೆಗೆ ಒರೆಸ್ಕೊಂಡ್ರು. ನಾನು ನೋಡಿದೀನಿ."